ಮಾಹಿತಿ ನೀಡಿದವರು

ಹಗೆದಿಬ್ಬದ ಹಿಂದಿನ ಆಸ್ಪತ್ರೆಯಲ್ಲಿ
ನನ್ನದು ಎಕ್ಸ್‌ರೇ ಪಕ್ಕದ ಕೋಣೆ.
ಮೊದಲು ಇಲ್ಲಿ ಫಿನಾಯಿಲ್ ಡಬ್ಬ ಇಡುತ್ತಿದ್ದರಂತೆ.
ಬಾಗಿಲಿಗೆ 'ಆಪ್ತ ಸಮಾಲೋಚನೆ' ಎಂದು ಬರೆಸಿದ ಮೇಲೆ
ಎದುರಿನ ಬೆಂಚಿನಲ್ಲಿ ಗಂಡಸರು ಕೂರುವುದು ಬಿಟ್ಟರು;
ಕೂತರೂ, ಎಕ್ಸ್‌ರೇಗೆ ಬಂದವರ ಹಾಗೆ
ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು.

ಹೆಂಗಸರದು ಚಪ್ಪಲಿ ಕಳಚುವಾಗಲೇ ಶುರು.
ಮಗನ ಗುಟ್ಕಾ, ಅತ್ತೆಯ ಮರೆವು, ನಾದಿನಿಯ ಮೂರನೇ ಹೆರಿಗೆ,
ಹತ್ತು ನಿಮಿಷದಲ್ಲಿ ಇಡೀ ವಠಾರ ನನ್ನ ಮೇಜಿನ ಮೇಲೆ.
'ಸ್ತ್ರೀಯರು ಬೇಗ ಮನಸ್ಸು ಬಿಚ್ಚುತ್ತಾರೆ' ಎಂದು
ತರಬೇತಿಗೆ ಬಂದ ಹುಡುಗಿ ಬರೆದುಕೊಂಡಳು.
ನಾನೂ ಬರೆದುಕೊಂಡಿದ್ದೆ, ಹನ್ನೊಂದು ವರ್ಷದ ಹಿಂದೆ.

ಆ ಬುಧವಾರ ಕರಿಬಸಮ್ಮ
ಗಂಡನನ್ನು ಮುಂದೆ ಬಿಟ್ಟುಕೊಂಡು ಬಂದಳು.
ಹಾಲೇಶಪ್ಪ. ಮೋಟರ್ ರಿವೈಂಡಿಂಗ್, ಹಳೇ ಪಿ.ಬಿ. ರೋಡು.
"ಗ್ಯಾಸ್ ಐತ್ರಿ," ಅಂದ ಆತ.
"ನಿದ್ದಿ ಇಲ್ರಿ ಇವರಿಗೆ," ಅಂದಳು ಆಕೆ,
"ರಾತ್ರಿ ಏಳು ಸಲ ಎದ್ದು ಮೇನ್ ಸ್ವಿಚ್ ನೋಡ್ತಾರ.
ಮಕ್ಳು ನಗ್ತಾವ್ರಿ."
ಆತ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕುತ್ತಿದ್ದ.

ಆಕೆಯನ್ನು ಹೊರಗೆ ಕೂರಿಸಿದೆ.
ಆಮೇಲೆ ನಾವಿಬ್ಬರು, ಮತ್ತು ಫ್ಯಾನು.
ಕಟ ಕಟ ಕಟ.

ನಮ್ಮಜ್ಜಿ ಹೇಳುತ್ತಿದ್ದಳು:
ಹಗೆಯ ಬಾಯಿ ತೆಗೆದ ಕೂಡಲೇ ಯಾರೂ ಇಳಿಯಬಾರದು.
ಮುಚ್ಚಿಟ್ಟ ಜೋಳ ಒಳಗೊಳಗೇ ಉಸಿರಾಡಿರುತ್ತದೆ,
ಆ ಉಸಿರು ಆಳನ್ನು ಕೊಲ್ಲುತ್ತದೆ.
ಮೊದಲು ಹಗ್ಗ ಕಟ್ಟಿ ದೀಪ ಇಳಿಬಿಡು.
ಆರಿದರೆ, ಕಾಯಬೇಕು.

ಕಾದೆ.

"ಬೇರಿಂಗ್ ಹೋಗೈತಿ," ಎಂದ ಕೊನೆಗೆ, ಮೇಲೆ ನೋಡುತ್ತ.
ಸ್ಟೂಲು ಎಳೆದುಕೊಂಡ. ಜೇಬಿನಲ್ಲಿ ಟೆಸ್ಟರ್ ಇತ್ತು;
ಆಸ್ಪತ್ರೆಗೂ ಟೆಸ್ಟರ್ ತಂದಿದ್ದ.
ಸ್ವಿಚ್ ಆರಿಸಿ ಹತ್ತಿದ. ಇಳಿದು ನೋಡಿದ. ಹತ್ತಿದ.
ಮತ್ತೆ ಇಳಿದು ನೋಡಿದ.
ನನ್ನ ಕಡೆಗೆ ಬೆನ್ನು, ಮುಖ ಮೋಟರಿನೊಳಗೆ,
ಬೆರಳಿಗೆ ಗ್ರೀಸು ಹತ್ತಿದ ಮೇಲೆ ಬಾಯಿಗೆ ಮಾತು ಬಂತು:

"ಹುಡುಗ ಒಬ್ಬ ಇದ್ದ ರೀ ಅಂಗಡ್ಯಾಗ. ತಿಪ್ಪೇಶಿ.
ಲೈನ್ ಆಫ್ ಐತೇನಣ್ಣ, ಅಂದ.
ಹೂಂ ಅಂದೆ ನಾನು.
ನೋಡ್ಲಿಲ್ಲ. ಹೂಂ ಅಂದೆ ಅಷ್ಟ."

ಸ್ಕ್ರೂ ಒಂದು ಕೆಳಗೆ ಬಿತ್ತು.
ಅದನ್ನು ಹುಡುಕುತ್ತ ಮೇಜಿನಡಿ ಬಹಳ ಹೊತ್ತು ಇದ್ದ.
ಸ್ಕ್ರೂ ನನ್ನ ಕಾಲ ಬಳಿಯೇ ಇತ್ತು.
ನಾನು ಹೇಳಲಿಲ್ಲ.

ಎದ್ದವನು, "ಹುಡುಗ ಉಳಿದಾನ್ರಿ," ಎಂದ, "ಎಡಗೈ ಅಷ್ಟ...
ಆಕೀಗೆ ಹೇಳಬ್ಯಾಡ್ರಿ."
ಮುಂದಿನ ಬುಧವಾರ ಬರುತ್ತೀರಾ ಎಂದೆ.
"ಬೇರಿಂಗ್ ಹಾಕ್ಬೇಕಲ್ರಿ. ಇದು ಬರೀ ಗ್ರೀಸು."

ಫಾರಂ ತುಂಬಿದೆ.
ಹೆಸರು: ಹಾಲೇಶಪ್ಪ, ಐವತ್ತೆರಡು.
ಮಾಹಿತಿ ನೀಡಿದವರು: ಹೆಂಡತಿ.
ಪೆನ್ನು ಅಲ್ಲೇ ನಿಂತಿತು.
ಹಳೆಯ ರಿಜಿಸ್ಟರುಗಳನ್ನು ತಿರುವಿದೆ.
ಹೆಂಡತಿ. ತಾಯಿ. ಹೆಂಡತಿ. ಅಕ್ಕ. ಹೆಂಡತಿ. ಸೊಸೆ.
ಅಷ್ಟೆಲ್ಲ ಮಾತಾಡಿದವರು,
ಒಬ್ಬಳ ಹೆಸರೂ ಇಲ್ಲ.

ಆಚೆ ಕರಿಬಸಮ್ಮ ಪಕ್ಕದವಳಿಗೆ
ಗಂಡನ ನಿದ್ದೆಯ ಕತೆ ಹೇಳುತ್ತಿದ್ದಳು.
"ನಿಮಗೆ ನಿದ್ದೆ ಬರುತ್ತಾ?" ಎಂದೆ.
ಮಾತು ನಿಂತಿತು.
"ನನಗಾ?"
ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು,
ತಾಮ್ರದ ತಂತಿ ಸುತ್ತುವವನ ಹೆಂಡತಿ.
"ಅವರು ಏಳು ಸಲ ಏಳ್ತಾರ ಸರಿ,
ಎಣಿಸೋರು ಯಾರ್ರಿ ಮತ್ತ?"

ಹೊಸ ಚೀಟಿ ತೆಗೆದು ಹೆಸರು ಕೇಳಿದೆ,
ಗೊತ್ತಿದ್ದರೂ.

ಈಗ ಫ್ಯಾನು ಸದ್ದಿಲ್ಲದೆ ತಿರುಗುತ್ತದೆ. ಅದೇ ತೊಂದರೆ.
ಗುರುವಾರ ಬಂದ ಬಸ್ ಕಂಡಕ್ಟರ್ ಒಬ್ಬ
ಆ ನಿಶ್ಶಬ್ದದಲ್ಲಿ ಗಂಟಲು ಸರಿಮಾಡಿಕೊಂಡ, ನೀರು ಕೇಳಿದ,
ಲೋಟ ತೊಳೆದಿಟ್ಟು ಹೋದ.
ರಸ್ತೆ ಕಡೆಯ ಕಿಟಕಿ ತೆರೆದಿಟ್ಟಿದ್ದೇನೆ,
ಮೆಕ್ಕೆಜೋಳದ ಲಾರಿಗಳು ಸ್ವಲ್ಪ ಒದರಲಿ.
ಮೇಜಿನ ಮೇಲೆ, ಕೈಗೆ ಸಿಗುವ ಹಾಗೆ,
ಮನೆಯಿಂದ ತಂದ ಕೆಟ್ಟ ಟಾರ್ಚು.